‘ಒಂದೇ ನಿಮಿಷ, ಬಂದೆ’: ಸ್ಟಾರ್ಟ್‌ನಲ್ಲೇ ಬಿಟ್ಟ ಗಾಡಿ ಕಳ್ಳನ ಪಾಲಾಗದಂತೆ ನೋಡಿಕೊಳ್ಳುವುದು ಹೇಗೆ?

ಮಳೆ ಹನಿಯುತ್ತಿದ್ದ ಸಂಜೆ. ನಮ್ಮ ಬೀದಿ ಕೊನೆಯ ಬೇಕರಿ ಮುಂದೆ ಸ್ಕೂಟರಿಗೆ ಸೆಂಟರ್ ಸ್ಟ್ಯಾಂಡ್ ಹಾಕಿ, ಎಂಜಿನ್ ಆಫ್ ಮಾಡದೆ ಇಳಿದೆ. ಬ್ಯಾಟರಿ ಸೋತಿತ್ತು. ಸೆಲ್ಫ್ ಹಿಡಿಯುತ್ತಿರಲಿಲ್ಲ. ಮಳೆಯಲ್ಲಿ ನಿಂತು ಕಿಕ್ಕರ್ ಒದೆಯೋದು ಯಾರಿಗೆ ಬೇಕು ಅಂದುಕೊಂಡೆ. ನಾಲ್ಕು ಖಾರಾ ಬನ್, ಒಂದು ಬ್ರೆಡ್, ಅಷ್ಟೇ ಕೆಲಸ. ನನ್ನ ಮುಂದಿದ್ದ ಅಜ್ಜಿ ಚಿಲ್ಲರೆಗಾಗಿ ಸೆರಗಿನ ಗಂಟು ಬಿಚ್ಚುತ್ತಿದ್ದರು. ಹಿಂದೆ ಎಂಜಿನ್ ಸದ್ದು ಒಮ್ಮೆ ಏರಿತು. ತಿರುಗಿ ನೋಡಿದರೆ ಟೇಲ್‌ಲೈಟ್ ಮೂಲೆ ದಾಟುತ್ತಿತ್ತು. ಬನ್ನಿನ ಪೊಟ್ಟಣ ಹಿಡಿದುಕೊಂಡೇ ನೂರು ಹೆಜ್ಜೆ ಓಡಿದೆ. ಯಾಕೆ ಓಡಿದೆನೋ ಗೊತ್ತಿಲ್ಲ.

ಆಮೇಲೆ ಒಂದು ವಾರ ಸುಮ್ನೆ ಕುತೂಹಲಕ್ಕೆ ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ನನ್ನದೇ ‘ಒಂದೇ ನಿಮಿಷ’ಗಳನ್ನು ಅಳೆದೆ. ಹಾಲಿನ ಬೂತ್: ಎರಡು ನಿಮಿಷ ಹತ್ತು ಸೆಕೆಂಡು. ಬೇಕರಿ: ನಾಲ್ಕು ನಿಮಿಷದ ಮೇಲೆ. ಇಸ್ತ್ರಿ ಅಂಗಡಿ: ಮೂರೂವರೆ, ಅದರಲ್ಲಿ ಎರಡು ನಿಮಿಷ ಬರೀ ಮಾತು. ಒಂದು ನಿಮಿಷದೊಳಗೆ ಮುಗಿದ ಕೆಲಸ ಒಂದೂ ಇರಲಿಲ್ಲ. ಸ್ಟಾರ್ಟ್‌ನಲ್ಲಿರುವ ಗಾಡಿ ಹತ್ತಿ ಹೊರಡಲು ಎಷ್ಟು ಹೊತ್ತು ಬೇಕು ಅಂತ ನಾನು ಅಳೆಯಬೇಕಾಗಿರಲಿಲ್ಲ. ಅದನ್ನು ಆಗಲೇ ನೋಡಿದ್ದೆ.

ಈ ಬರಹ ಪೂರ್ತಿ ಆ ಕೆಲವು ನಿಮಿಷಗಳ ಬಗ್ಗೆ. ದ್ವಿಚಕ್ರ, ಕಾರು, ಗೂಡ್ಸ್ ಆಟೋ, ಎಲೆಕ್ಟ್ರಿಕ್ ಗಾಡಿ, ಒಂದೊಂದರದ್ದೂ ಒಂದೊಂದು ಕಥೆ.

ಮೊದಲು ಇದು ಅರ್ಥವಾಗಬೇಕು: ಬೀಗಗಳೆಲ್ಲ ಸ್ಟಾರ್ಟ್ ಆಗುವ ತನಕ ಮಾತ್ರ

‘ನನ್ನ ಕಾರಿಗೆ ಇಮ್ಮೊಬಿಲೈಸರ್ ಇದೆ, ಅಲಾರಂ ಇದೆ, ಏನೂ ಆಗಲ್ಲ’ ಅನ್ನುವವರು ಬಹಳ. ಇಮ್ಮೊಬಿಲೈಸರ್ ಏನು ಮಾಡುತ್ತದೆ ನೋಡಿ. ಕೀಯ ಪ್ಲಾಸ್ಟಿಕ್ ತಲೆಯೊಳಗೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದೊಂದು ಚಿಪ್ ಇರುತ್ತದೆ. ಇಗ್ನಿಷನ್ ಸುತ್ತ ಒಂದು ಸುರುಳಿ ತಂತಿ. ಕೀ ತಿರುಗಿಸಿದಾಗ ಚಿಪ್ ತನ್ನ ಗುರುತು ಹೇಳುತ್ತದೆ, ಎಂಜಿನ್ನಿನ ಕಂಪ್ಯೂಟರ್ ಅದನ್ನು ತಾಳೆ ನೋಡುತ್ತದೆ. ಸರಿಹೋದರೆ ಎಂಜಿನ್ ಓಡಲು ಬಿಡುತ್ತದೆ, ಇಲ್ಲದಿದ್ದರೆ ಇಲ್ಲ. ಅಷ್ಟಕ್ಕೆ ಅದರ ಕೆಲಸ ಮುಗಿಯಿತು. ಓಡುತ್ತಿರುವ ಎಂಜಿನ್ನಿಗೆ ಅದು ಮತ್ತೆ ‘ನೀನು ಯಾರಪ್ಪಾ’ ಅಂತ ಕೇಳುವುದಿಲ್ಲ. ಸ್ಟೀರಿಂಗ್ ಲಾಕ್, ಸ್ಕೂಟರಿನ ಹ್ಯಾಂಡಲ್ ಲಾಕ್, ಕೀ ತೂತು ಮುಚ್ಚುವ ಮ್ಯಾಗ್ನೆಟ್ ಶಟರ್, ಇವೂ ಹಾಗೆಯೇ. ಸ್ಟಾರ್ಟ್ ಮಾಡಲು ನೀವೇ ಎಲ್ಲವನ್ನೂ ತೆಗೆದಿರುತ್ತೀರಿ.

ಬಟನ್ ಸ್ಟಾರ್ಟ್ ಕಾರಿನವರು ಇನ್ನೂ ಹೆಚ್ಚು ಮೋಸ ಹೋಗುತ್ತಾರೆ. ಕೀ ಜೇಬಲ್ಲಿದೆ, ನಾನು ದೂರ ಹೋದರೆ ಕಾರು ತಾನೇ ಆಫ್ ಆಗುತ್ತದೆ ಅಂದುಕೊಳ್ಳುತ್ತಾರೆ. ಆಗುವುದಿಲ್ಲ. ಕೀ ಹೊರಗೆ ಹೋದರೆ ಬಹುತೇಕ ಕಾರುಗಳು ಬೀಪ್ ಅಂತ ಕೂಗಿ, ‘ಕೀ ಕಾಣುತ್ತಿಲ್ಲ’ ಅಂತ ಪರದೆ ಮೇಲೆ ತೋರಿಸಿ ಸುಮ್ಮನಾಗುತ್ತವೆ. ಎಂಜಿನ್ ನಿಲ್ಲಿಸುವುದಿಲ್ಲ. ಅದಕ್ಕೆ ಕಾರಣವೂ ಇದೆ: ಹೆದ್ದಾರಿಯಲ್ಲಿ ಹೋಗುವಾಗ ಕೀಯ ಸೆಲ್ ಮುಗಿದು ಎಂಜಿನ್ ಪಟ್ ಅಂತ ನಿಂತರೆ ಅದು ದೊಡ್ಡ ಅಪಾಯ. ಹಾಗಾಗಿ ಕಳ್ಳ ಒಮ್ಮೆ ಹತ್ತಿ ಹೊರಟರೆ, ತಾನಾಗಿ ಆಫ್ ಮಾಡುವ ತನಕ ಅಥವಾ ಪೆಟ್ರೋಲ್ ಮುಗಿಯುವ ತನಕ ಓಡಿಸಬಹುದು.

ಅನುಮಾನವಿದ್ದರೆ ಇವತ್ತೇ ನಿಮ್ಮ ಕಾಂಪೌಂಡಿನೊಳಗೆ ನೋಡಿ. ಹ್ಯಾಂಡ್‌ಬ್ರೇಕ್ ಹಾಕಿ, ಕಾರು ಸ್ಟಾರ್ಟ್ ಮಾಡಿ, ಡ್ರೈವಿಂಗ್ ಗೊತ್ತಿರುವ ಒಬ್ಬರನ್ನು ಸೀಟಿನಲ್ಲಿ ಕೂರಿಸಿ, ಕೀ ಹಿಡಿದು ಹದಿನೈದು ಹೆಜ್ಜೆ ದೂರ ಹೋಗಿ. ಎಂಜಿನ್ ಸದ್ದು ಹಾಗೇ ಇರುತ್ತದೆ.

ಹಂತ 1: ನೀವು ಯಾಕೆ ಆಫ್ ಮಾಡುವುದಿಲ್ಲ? ಆ ಕಾರಣವನ್ನೇ ತೆಗೆಯಿರಿ

‘ಆಫ್ ಮಾಡಿ’ ಅಂದರೆ ಸಾಲದು. ಯಾರೂ ಸುಮ್ಮನೆ ಎಂಜಿನ್ ಓಡಲು ಬಿಡುವುದಿಲ್ಲ, ಏನೋ ಒಂದು ಕಾರಣ ಇದ್ದೇ ಇರುತ್ತದೆ. ಅದು ಇರುವ ತನಕ ಅಭ್ಯಾಸವೂ ಇರುತ್ತದೆ.

ನನ್ನ ಪ್ರಕಾರ ದೊಡ್ಡ ಕಾರಣ ಬ್ಯಾಟರಿ. ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗುತ್ತೋ ಇಲ್ಲವೋ ಎಂಬ ಭಯ. ಹಳೇ ಡೀಸೆಲ್ ಜೀಪು, ಟೆಂಪೋದವರಿಗೆ ಇದು ಚೆನ್ನಾಗಿ ಗೊತ್ತು: ಒಮ್ಮೆ ಆಫ್ ಆದರೆ ನಾಲ್ಕು ಜನ ಹುಡುಕಿ ತಳ್ಳಿಸಬೇಕು. ಪರೀಕ್ಷೆ ಸುಲಭ. ರಾತ್ರಿಯೆಲ್ಲ ನಿಂತ ಗಾಡಿಯ 12 ವೋಲ್ಟ್ ಬ್ಯಾಟರಿಗೆ ಬೆಳಿಗ್ಗೆ ಮಲ್ಟಿಮೀಟರ್ ಹಿಡಿದರೆ 12.6ರ ಹತ್ತಿರ ತೋರಿಸಬೇಕು. 12.2 ಅಂದರೆ ಅರ್ಧ ಖಾಲಿ. 12ಕ್ಕಿಂತ ಕೆಳಗೆ ಇದ್ದರೆ ಚಾರ್ಜ್ ಮಾಡಿಸಿ ನೋಡಿ, ನಿಲ್ಲದಿದ್ದರೆ ಬದಲಿಸಿ. ಎಂಜಿನ್ ಓಡುವಾಗ 13.8ರಿಂದ 14.4ರ ಆಸುಪಾಸು ಬರದಿದ್ದರೆ ತಪ್ಪು ಬ್ಯಾಟರಿಯದ್ದಲ್ಲ, ಚಾರ್ಜಿಂಗಿನದ್ದು. ಎಲೆಕ್ಟ್ರಿಷಿಯನ್‌ಗೆ ತೋರಿಸಿ. ನಾನು ಬ್ಯಾಟರಿ ಬದಲಿಸೋದನ್ನು ಎರಡು ತಿಂಗಳು ಮುಂದೂಡಿದ್ದೆ. ಉಳಿಸಿದ್ದು ಒಂದೂವರೆ ಸಾವಿರ, ಕೊಟ್ಟಿದ್ದು ಸ್ಕೂಟರ್.

ಎರಡನೆಯದು ‘ಎಂಜಿನ್ ಬಿಸಿಯಾಗಲಿ’ ಎಂಬ ನಂಬಿಕೆ. ಕಾರ್ಬ್ಯುರೇಟರ್ ಗಾಡಿಗಳ ಕಾಲದಲ್ಲಿ ಚೋಕ್ ಎಳೆದು ಐದು ನಿಮಿಷ ಬಿಡುತ್ತಿದ್ದರು, ಅದಕ್ಕೆ ಅರ್ಥವಿತ್ತು. ಮಡಿಕೇರಿಯ ಡಿಸೆಂಬರ್ ಬೆಳಗಿನಲ್ಲಿ ಇನ್ನೂ ಹಾಗೆ ಅನಿಸುತ್ತದೆ. ಆದರೆ ಈಗಿನ ಫ್ಯೂಯೆಲ್ ಇಂಜೆಕ್ಷನ್ ಗಾಡಿಗೆ ಅರ್ಧ ನಿಮಿಷ ಸಾಕು, ಉಳಿದದ್ದು ನಿಧಾನಕ್ಕೆ ಓಡಿಸುತ್ತಲೇ ಬಿಸಿಯಾಗುತ್ತದೆ. 2020ರ ಏಪ್ರಿಲ್ 1ರಿಂದ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಬಂದ ಮೇಲೆ ಸಾಮಾನ್ಯ ಸ್ಕೂಟರ್, ಬೈಕುಗಳಲ್ಲೂ ಹೆಚ್ಚಾಗಿ ಇಂಜೆಕ್ಷನ್ನೇ ಬಂದಿದೆ. ಟರ್ಬೊ ಡೀಸೆಲ್ ಇದ್ದರೆ, ಹೆದ್ದಾರಿಯಲ್ಲಿ ಜೋರಾಗಿ ಓಡಿಸಿ ಬಂದ ಮೇಲೆ ಒಂದು ನಿಮಿಷ ಐಡಲ್‌ನಲ್ಲಿ ಬಿಡುವುದು ಸರಿ. ಆದರೆ ಆ ಒಂದು ನಿಮಿಷ ಸೀಟಿನಲ್ಲೇ ಕೂತಿರಿ. ಬಿಟ್ಟು ಹೋಗಿ ಚಹಾ ಹೇಳಬೇಡಿ.

ಮೂರನೆಯದು ಎಸಿ. ಏಪ್ರಿಲ್‌ನಲ್ಲಿ ಕಲಬುರಗಿ, ರಾಯಚೂರಿನ ಬಿಸಿಲಲ್ಲಿ ನಿಂತ ಕಾರು ಎರಡು ನಿಮಿಷದಲ್ಲಿ ಒಲೆಯಾಗುತ್ತದೆ, ಒಪ್ಪಿದೆ. ಗಾಜಿಗೆ ಮರೆ ಹಾಕಿ, ನೆರಳು ಹುಡುಕಿ, ಬಂದ ಮೇಲೆ ನಾಲ್ಕೂ ಗಾಜು ಇಳಿಸಿ ನೂರು ಮೀಟರ್ ಓಡಿಸಿ ಆಮೇಲೆ ಎಸಿ ಹಾಕಿ. ಬಿಸಿ ಗಾಳಿ ಬೇಗ ಹೊರಗೆ ಹೋಗುತ್ತದೆ. ಎಸಿ ಹಾಕಿ ನಿಂತ ಕಾರು ಗಂಟೆಗೆ ಸುಮಾರು ಒಂದು ಲೀಟರ್ ಕುಡಿಯುತ್ತದೆ, ಅದೂ ಲೆಕ್ಕಕ್ಕಿರಲಿ.

ಉಳಿದದ್ದು ಬರೀ ಸೋಮಾರಿತನ. ಅದಕ್ಕೆ ಮುಂದಿನ ಹಂತ.

ಹಂತ 2: ಕೀ ಕೈಗೆ ಬಂದ ಮೇಲೆ ಕಾಲು ನೆಲಕ್ಕೆ

ನಾನೀಗ ಪಾಲಿಸುವ ನಿಯಮ ಇದೊಂದೇ. ಕಾರಿನಲ್ಲಿ: ಬಾಗಿಲು ತೆಗೆಯುವ ಮೊದಲು ಕೀ ಅಂಗೈಯಲ್ಲಿರಬೇಕು. ಸ್ಕೂಟರಿನಲ್ಲಿ: ಸ್ಟ್ಯಾಂಡ್ ಹಾಕಿ ಸೀಟು ಬಿಡುವ ಮೊದಲು ಕೀ ಜೇಬಿಗೆ ಹೋಗಿರಬೇಕು. ‘ಇದು ಚಿಕ್ಕ ಕೆಲಸ, ಇದು ದೊಡ್ಡ ಕೆಲಸ’ ಅಂತ ಪ್ರತಿ ಸಲ ತೂಗಲು ಹೋಗಬೇಡಿ. ತೂಗಲು ಶುರುಮಾಡಿದರೆ ಎಲ್ಲವೂ ಚಿಕ್ಕ ಕೆಲಸವೇ.

ಕೈಗೆ ಅಭ್ಯಾಸ ಆಗಲು ಸುಮಾರು ಎರಡು ವಾರ ಹಿಡಿಯಿತು. ಮೊದಲ ಮೂರು ದಿನ ನನ್ನ ಮಗಳು ಹಿಂದಿನ ಸೀಟಿನಿಂದ ‘ಅಪ್ಪಾ, ಕೀ’ ಅನ್ನುತ್ತಿದ್ದಳು. ಮಕ್ಕಳಿಗೆ ಈ ಕಾವಲು ಕೆಲಸ ಕೊಟ್ಟು ನೋಡಿ. ಪೊಲೀಸರಿಗಿಂತ ಚುರುಕು.

ಇನ್ನೊಂದು ಮಾತು. ಗಾಡಿಯ ಕೀ ಮತ್ತು ಮನೆಯ ಕೀ ಒಂದೇ ಗೊಂಚಲಲ್ಲಿ ಇರಬಾರದು. ನನ್ನದು ಇತ್ತು. ಸ್ಕೂಟರಿನ ಡಿಕ್ಕಿಯಲ್ಲಿ ಆರ್‌ಸಿಯ ಜೆರಾಕ್ಸ್, ಅದರಲ್ಲಿ ವಿಳಾಸ. ಅಂದರೆ ಮನೆ ಎಲ್ಲಿದೆ ಅಂತ ಬರೆದು, ಬೀಗದ ಕೈಯನ್ನೂ ಜೊತೆಗಿಟ್ಟು ಕೊಟ್ಟ ಹಾಗಾಯಿತು. ಆ ರಾತ್ರಿ ಒಂಬತ್ತು ಗಂಟೆಗೆ ಬೀಗದವರನ್ನು ಕರೆಸಿ ಮುಂಬಾಗಿಲ ಲಾಕ್ ಬದಲಿಸಿದೆವು. ಸ್ಕೂಟರ್ ಹೋದ ಸಂಕಟಕ್ಕಿಂತ ಆ ರಾತ್ರಿಯ ಭಯವೇ ಜಾಸ್ತಿ. ಈಗ ದಾಖಲೆಗಳು ಡಿಜಿಲಾಕರ್‌ನಲ್ಲಿವೆ. ಡಿಜಿಲಾಕರ್, ಎಂ-ಪರಿವಾಹನ್‌ನಲ್ಲಿ ತೋರಿಸುವ ಆರ್‌ಸಿ, ಲೈಸೆನ್ಸ್‌ಗಳನ್ನು 2018ರಿಂದಲೇ ಕಾನೂನು ಒಪ್ಪುತ್ತದೆ. ಮೂಲ ಪ್ರತಿ ಗಾಡಿಯಲ್ಲಿ ಇಡುವ ಅಗತ್ಯವೇ ಇಲ್ಲ. ಎರಡನೇ ಕೀಯನ್ನು ಡ್ಯಾಶ್‌ಬೋರ್ಡ್‌ನಲ್ಲಿ ಇಡುವವರಿಗಂತೂ ಏನು ಹೇಳಬೇಕೋ ತಿಳಿಯದು.

ಹಂತ 3: ಸ್ಕೂಟರ್, ಬೈಕ್

ಹಾಲಿನ ಬೂತ್, ದರ್ಶಿನಿ, ಎಳನೀರು ಗಾಡಿ, ಎಟಿಎಂ, ಶಾಲೆ ಗೇಟು. ಅಪಾಯದ ಜಾಗಗಳು ಇವೇ. ಎಲ್ಲ ಕಡೆ ಜನ ಇರುತ್ತಾರೆ, ಅದೇ ತೊಂದರೆ. ಸ್ಟಾರ್ಟ್‌ನಲ್ಲಿರುವ ಗಾಡಿ ಹತ್ತಿ ಹೊರಟವನನ್ನು ಯಾರೂ ಅನುಮಾನದಿಂದ ನೋಡುವುದಿಲ್ಲ. ಬೀಗ ಒಡೆಯುವವನನ್ನು ನೋಡಿದರೆ ಕೂಗುತ್ತಾರೆ. ಸೀದಾ ಬಂದು ಕೂತು ಹೊರಟವನು ಮಾಲೀಕನೇ ಅಲ್ವಾ?

ಈಗಿನ ಬಹಳಷ್ಟು ಸ್ಕೂಟರುಗಳಲ್ಲಿ ಸೈಡ್ ಸ್ಟ್ಯಾಂಡ್ ಹಾಕಿದರೆ ಎಂಜಿನ್ ನಿಲ್ಲುತ್ತದೆ. ಇದನ್ನು ನಂಬಿ ಕೀ ಬಿಟ್ಟು ಹೋಗುತ್ತಾರೆ. ಸ್ಟ್ಯಾಂಡ್ ಎತ್ತಿ ಬಟನ್ ಒತ್ತಿದರೆ ಮತ್ತೆ ಸ್ಟಾರ್ಟ್, ಕೀ ಅಲ್ಲೇ ಇದೆಯಲ್ಲ! ಸೆಂಟರ್ ಸ್ಟ್ಯಾಂಡ್ ಹಾಕಿದರೆ ಎಂಜಿನ್ ನಿಲ್ಲುವುದೂ ಇಲ್ಲ. ಬೈಕುಗಳಲ್ಲಿ ಸಾಮಾನ್ಯವಾಗಿ ಗೇರಿನಲ್ಲಿದ್ದರೆ ಮಾತ್ರ ನಿಲ್ಲುತ್ತದೆ, ನ್ಯೂಟ್ರಲ್‌ನಲ್ಲಿ ಓಡುತ್ತಲೇ ಇರುತ್ತದೆ. ಅದು ಬೀಳದಿರಲಿ ಅಂತ ಮಾಡಿದ ಏರ್ಪಾಡು, ಕಳ್ಳತನಕ್ಕೆ ಮದ್ದಲ್ಲ. ಬೈಕಿನ ಕೆಂಪು ಕಿಲ್ ಸ್ವಿಚ್ಚೂ ಅಷ್ಟೇ, ಯಾರು ಬೇಕಾದರೂ ಒತ್ತಬಹುದು.

ಇಳಿಯುವ ಕ್ರಮ ಹೀಗಿರಲಿ. ಆಫ್ ಮಾಡಿ. ಹ್ಯಾಂಡಲ್ ಎಡಕ್ಕೆ ತಿರುಗಿಸಿ ಲಾಕ್ ಮಾಡಿ. ಕೀ ತೆಗೆಯಿರಿ. ಶಟರ್ ಇದ್ದರೆ ಮುಚ್ಚಿ. ಹ್ಯಾಂಡಲ್ ಒಮ್ಮೆ ಅಲ್ಲಾಡಿಸಿ ನೋಡಿ. ಎಲ್ಲ ಸೇರಿ ಐದಾರು ಸೆಕೆಂಡು. ಐದು ನಿಮಿಷಕ್ಕಿಂತ ಜಾಸ್ತಿ ನಿಲ್ಲಿಸುವಾಗ ಡಿಸ್ಕ್ ಲಾಕ್, ಅಂದರೆ ಚಕ್ರದ ಬ್ರೇಕ್ ಡಿಸ್ಕಿಗೆ ಹಾಕುವ ಬೀಗ, ಒಳ್ಳೆಯದು. ಹೊರಡುವಾಗ ಅದನ್ನು ಮರೆತು ಮುಗ್ಗರಿಸದ ಹಾಗೆ ಹ್ಯಾಂಡಲ್‌ಗೆ ಒಂದು ಬಣ್ಣದ ದಾರ ಕಟ್ಟಿಕೊಳ್ಳಿ. ನಾನು ಕಟ್ಟದೆ ಒಮ್ಮೆ ಬಿದ್ದಿದ್ದೇನೆ.

ಸ್ಟಾರ್ಟ್‌ನಲ್ಲಿರುವ ಸ್ಕೂಟರಿನ ಮುಂದೆ ಮಗುವನ್ನು ನಿಲ್ಲಿಸಿ ಅಂಗಡಿಗೆ ಹೋಗುವುದು ಕಳ್ಳತನಕ್ಕಿಂತ ಕೆಟ್ಟದ್ದು. ಆಕ್ಸಲರೇಟರ್ ಮಗುವಿನ ಕೈಗೆ ಸರಿಯಾಗಿ ಸಿಗುವ ಎತ್ತರದಲ್ಲಿದೆ. ಒಂದು ಸಲ ತಿರುಗಿಸಿದರೆ ಸಾಕು.

ಹಂತ 4: ಕಾರು, ಅದರಲ್ಲೂ ಮನೆಯ ಗೇಟು

ಕಾರಿನವರಿಗೆ ಬೇಕರಿಗಿಂತ ದೊಡ್ಡ ಬಲೆ ಸ್ವಂತ ಮನೆಯ ಗೇಟು. ಬೆಳಿಗ್ಗೆ ಕಾರನ್ನು ಹೊರಗೆ ತೆಗೆದು, ರಸ್ತೆಯಲ್ಲಿ ಸ್ಟಾರ್ಟ್‌ನಲ್ಲೇ ನಿಲ್ಲಿಸಿ, ಗೇಟು ಹಾಕಲು ಇಳಿಯುತ್ತೇವೆ. ಬೆನ್ನು ಕಾರಿನ ಕಡೆಗೆ, ಎರಡೂ ಕೈ ಚಿಲಕದ ಮೇಲೆ. ಲ್ಯಾಪ್‌ಟಾಪ್ ಬ್ಯಾಗು ಪಕ್ಕದ ಸೀಟಿನಲ್ಲಿ. ದಿನಾ ಅದೇ ಹೊತ್ತು, ಅದೇ ಜಾಗ. ಎರಡು ದಿನ ಗಮನಿಸಿದವನಿಗೆ ಮೂರನೇ ದಿನ ನಿಮ್ಮ ವೇಳಾಪಟ್ಟಿ ಬಾಯಿಪಾಠ.

ಸರಿ ಮಾಡುವುದು ಸುಲಭ. ಮೊದಲು ಗೇಟು ತೆಗೆಯಿರಿ, ಆಮೇಲೆ ಕಾರು ಸ್ಟಾರ್ಟ್ ಮಾಡಿ. ಹೊರಗೆ ಬಂದ ಮೇಲೆ ಆಫ್ ಮಾಡಿ, ಕೀ ತೆಗೆದು, ಲಾಕ್ ಒತ್ತಿ, ಗೇಟು ಹಾಕಿ. ಮನೆಯಲ್ಲಿ ಇನ್ನೊಬ್ಬರಿದ್ದರೆ ಗೇಟಿನ ಕೆಲಸ ಅವರದು. ಸಂಜೆ ವಾಪಸ್ ಬಂದಾಗಲೂ ಇದೇ. ಸ್ವಯಂಚಾಲಿತ ಗೇಟಿನ ಮೋಟಾರು ಅನೇಕರಿಗೆ ಶೋಕಿ ಅನಿಸುತ್ತದೆ. ದಿನಕ್ಕೆ ನಾಲ್ಕು ಸಲ ಒಂಟಿಯಾಗಿ ಗೇಟು ತೆಗೆಯುವವರಿಗೆ ಅದು ಶೋಕಿಯಲ್ಲ.

ಇಳಿಜಾರಿನ ರಸ್ತೆಯಿದ್ದರೆ ಇನ್ನೊಂದು ಅಪಾಯ ಇದೆ: ಹ್ಯಾಂಡ್‌ಬ್ರೇಕ್ ಸರಿಯಾಗಿ ಹಿಡಿಯದೆ ಕಾರು ತಾನೇ ಉರುಳುವುದು. ಕಾನೂನು ಹುಟ್ಟಿದ್ದೂ ಮುಖ್ಯವಾಗಿ ಈ ಭಯದಿಂದಲೇ. 1988ರ ಮೋಟಾರು ವಾಹನ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ, ಸಾರ್ವಜನಿಕ ಜಾಗದಲ್ಲಿ ಗಾಡಿ ನಿಲ್ಲಿಸಿದರೆ ಒಂದೋ ಡ್ರೈವರ್ ಸೀಟಿನಲ್ಲಿ ಲೈಸೆನ್ಸ್ ಇರುವವರು ಕೂತಿರಬೇಕು, ಇಲ್ಲವೇ ಎಂಜಿನ್ ನಿಲ್ಲಿಸಿ ಬ್ರೇಕ್ ಹಾಕಿ, ಗಾಡಿ ತಾನಾಗಿ ಚಲಿಸದ ಹಾಗೆ ಮಾಡಿರಬೇಕು. ಅಂದರೆ ಎಂಜಿನ್ ಓಡುತ್ತಿರುವಾಗ ಗಾಡಿ ಬಿಟ್ಟು ಹೋಗುವುದು ಬರೀ ಅಜಾಗ್ರತೆಯಲ್ಲ, ತಪ್ಪು ಕೂಡ. ಪಕ್ಕದ ಸೀಟಿನಲ್ಲಿ ಲೈಸೆನ್ಸ್ ಇಲ್ಲದ ತಮ್ಮನನ್ನು ಕೂರಿಸಿದರೆ ಲೆಕ್ಕಕ್ಕಿಲ್ಲ.

ಮಗು ಮಲಗಿದೆ, ಎಬ್ಬಿಸಿದರೆ ಅಳುತ್ತೆ, ಎಸಿ ಹಾಕಿ ಬಿಟ್ಟು ಔಷಧಿ ತಂದುಬಿಡೋಣ ಅಂತ ಅನಿಸುವ ಗಳಿಗೆ ಎಲ್ಲ ಅಪ್ಪ ಅಮ್ಮಂದಿರಿಗೂ ಬರುತ್ತದೆ. ಇಲ್ಲಿ ನಾನು ಸ್ವಲ್ಪವೂ ಸಡಿಲ ಬಿಡುವುದಿಲ್ಲ. ಹಿಂದಿನ ಸೀಟಿನಲ್ಲಿ ಮಲಗಿದ ಮಗು ಹೊರಗಿನಿಂದ ಕಾಣುವುದಿಲ್ಲ. ಕಾರು ಕದಿಯುವವನಿಗೆ ಮಗು ಇರುವುದು ಗೊತ್ತಾಗುವುದು ಅರ್ಧ ಕಿಲೋಮೀಟರ್ ಹೋದ ಮೇಲೆ. ಆಗ ಅವನು ಏನು ಮಾಡುತ್ತಾನೋ ಯಾರು ಬಲ್ಲರು. ಎಂಜಿನ್ ನಿಂತರೆ ಎಸಿಯೂ ನಿಲ್ಲುತ್ತದೆ, ಆಮೇಲಿನ ಬಿಸಿ ಬೇರೆ. ಮಗುವನ್ನು ಎತ್ತಿಕೊಂಡು ಹೋಗಿ, ಅಳಲಿ. ಅಥವಾ ಮೆಡಿಕಲ್ ಶಾಪಿಗೆ ಫೋನ್ ಮಾಡಿ, ಔಷಧಿಯನ್ನು ಕಾರಿನ ಹತ್ತಿರ ತಂದುಕೊಡಲು ಕೇಳಿ. ಸಾಮಾನ್ಯವಾಗಿ ಇಲ್ಲ ಅನ್ನುವುದಿಲ್ಲ.

ರಿಮೋಟ್ ಸ್ಟಾರ್ಟ್ ಇರುವ ಕಾರುಗಳ ಮಾತು ಬೇರೆ. ಕಂಪನಿಯಿಂದಲೇ ಬಂದ ರಿಮೋಟ್ ಸ್ಟಾರ್ಟ್‌ನಲ್ಲಿ ಬಾಗಿಲು ಲಾಕ್ ಇದ್ದಾಗಲೇ ಎಂಜಿನ್ ಓಡುತ್ತದೆ. ಕೀ ಇಲ್ಲದೆ ಯಾರಾದರೂ ಒಳಗೆ ನುಗ್ಗಿ ಹೊರಡಲು ನೋಡಿದರೆ ಆಫ್ ಆಗುವಂತೆ ಮಾಡಿರುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ, ಹೆಚ್ಚಾಗಿ ಹತ್ತು ನಿಮಿಷಕ್ಕೆ, ತಾನೇ ನಿಲ್ಲುತ್ತದೆ. ಹೊರಡುವ ಮೊದಲು ಕಾರು ತಂಪಾಗಬೇಕು ಅಂದರೆ ಇದು ಸರಿಯಾದ ದಾರಿ. ಆದರೆ ಓಡಿಸಿಕೊಂಡು ಬಂದ ಕಾರನ್ನು ಆಫ್ ಮಾಡದೆ ಇಳಿದರೆ ಈ ರಕ್ಷಣೆ ಇರುವುದಿಲ್ಲ. ಆಫ್ ಮಾಡಿ, ಲಾಕ್ ಮಾಡಿ, ಆಮೇಲೆ ಬೇಕಿದ್ದರೆ ರಿಮೋಟಿನಲ್ಲಿ ಸ್ಟಾರ್ಟ್ ಮಾಡಿ. ಮುಚ್ಚಿದ ಗ್ಯಾರೇಜಿನೊಳಗೆ ಮಾತ್ರ ಯಾವತ್ತೂ ಬೇಡ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ.

ಹಂತ 5: ಗೂಡ್ಸ್ ಆಟೋ, ಟೆಂಪೋ, ಡೆಲಿವರಿ

ದಿನಕ್ಕೆ ನಲವತ್ತು ಕಡೆ ನಿಲ್ಲುವವರಿಗೆ ‘ಪ್ರತಿ ಸಲ ಆಫ್ ಮಾಡಿ’ ಅನ್ನುವುದು ಸುಲಭ, ಪಾಲಿಸುವುದು ಕಷ್ಟ. ನನ್ನ ಚಿಕ್ಕಪ್ಪನ ಮಗ ಎಪಿಎಂಸಿಯಿಂದ ತರಕಾರಿ ಹಾಕುವ ಗೂಡ್ಸ್ ಆಟೋ ಇಟ್ಟಿದ್ದಾನೆ. ಅವನು ಮಾಡಿಕೊಂಡ ಏರ್ಪಾಡು ನನಗೆ ಹಿಡಿಸಿತು. ಕೀಯನ್ನು ಸೊಂಟದ ಬೆಲ್ಟಿಗೆ ಸುರುಳಿ ದಾರದಲ್ಲಿ ಕಟ್ಟಿಕೊಂಡಿದ್ದಾನೆ. ಕೀ ತೆಗೆಯದೆ ಇಳಿಯಲು ಹೋದರೆ ದಾರ ಎಳೆದು ನಿಲ್ಲಿಸುತ್ತದೆ. ‘ನೆನಪಿಟ್ಟುಕೊಳ್ಳೋ ತಲೆನೋವೇ ಇಲ್ಲ ಕಣಣ್ಣ, ಸೊಂಟವೇ ನೆನಪಿಸುತ್ತೆ’ ಅಂದ.

ಇಬ್ಬರಿದ್ದರೆ ಒಬ್ಬರು ಇಳಿದು ಸರಕು ಕೊಡಲಿ, ಇನ್ನೊಬ್ಬರು ಡ್ರೈವರ್ ಸೀಟಿನಲ್ಲಿರಲಿ, ಅವರಿಗೆ ಲೈಸೆನ್ಸ್ ಇರಲಿ. ಹಮಾಲಿಗಳು ಇಳಿಸುವಾಗ ಅವರ ಮೇಲೆ ಗಾಡಿ ಬಿಟ್ಟು ಬಿಲ್ಲಿಗೆ ಸಹಿ ಹಾಕಿಸಲು ಹೋಗಬೇಡಿ. ಅವರ ಕಣ್ಣು ಮೂಟೆಯ ಮೇಲಿರುತ್ತದೆ. ಸರಕು ತುಂಬಿದ ಗಾಡಿ ಹೋದರೆ ಹೋಗುವುದು ಗಾಡಿ ಒಂದೇ ಅಲ್ಲ. ಬಾಡಿಗೆ, ಸರಕಿನ ಬೆಲೆ, ಗಿರಾಕಿ, ಎಲ್ಲ ಒಟ್ಟಿಗೆ. ಡೆಲಿವರಿ ಹುಡುಗರೂ ಅಷ್ಟೇ. ಮೂರನೇ ಮಹಡಿಗೆ ಹತ್ತುವಾಗ ಕೆಳಗೆ ಎಂಜಿನ್ ಓಡುತ್ತಿದ್ದರೆ, ಗಾಡಿಯ ಜೊತೆ ಪೆಟ್ಟಿಗೆಯಲ್ಲಿರುವ ಉಳಿದ ಆರ್ಡರುಗಳೂ ಹೋಗುತ್ತವೆ.

ಹಂತ 6: ಎಲೆಕ್ಟ್ರಿಕ್ ಗಾಡಿ

ಇದಕ್ಕೆ ಎಂಜಿನ್ ಸದ್ದೇ ಇಲ್ಲ, ಹಾಗಾಗಿ ಆನ್ ಇದೆಯೋ ಆಫ್ ಆಗಿದೆಯೋ ಕಿವಿಗೆ ತಿಳಿಯುವುದಿಲ್ಲ. ಪರದೆ ನೋಡಬೇಕು. ಪೆಟ್ರೋಲ್ ಸ್ಕೂಟರಿನಲ್ಲಿ ಕಳ್ಳ ಹೊರಟಾಗ ನನಗೆ ಸದ್ದಾದರೂ ಕೇಳಿಸಿತು. ಇದರಲ್ಲಿ ಅದೂ ಇಲ್ಲ. ಇಳಿಯುವಾಗ ಆಫ್ ಮಾಡಿ, ಹ್ಯಾಂಡಲ್ ಲಾಕ್ ಮಾಡಿ, ಪರದೆ ಕಪ್ಪಾಗಿದ್ದನ್ನು ಕಣ್ಣಾರೆ ನೋಡಿ. ಗಾಡಿಯನ್ನು ಯಾರಾದರೂ ಅಲ್ಲಾಡಿಸಿದರೆ ಫೋನಿಗೆ ಎಚ್ಚರಿಕೆ ಬರುವ ಸೌಲಭ್ಯ ಕೆಲವು ಮಾಡೆಲ್‌ಗಳಲ್ಲಿದೆ. ಆ್ಯಪಿನಲ್ಲಿ ಅದು ಆನ್ ಆಗಿದೆಯಾ ನೋಡಿಕೊಳ್ಳಿ.

ಹಂತ 7: ಹೋದರೂ ಸಿಗಲಿ ಎಂಬ ಏರ್ಪಾಡು

ಜಿಪಿಎಸ್ ಟ್ರ್ಯಾಕರ್ ಹಾಕಿಸಿದರೆ ಒಳ್ಳೆಯದೇ. ಆದರೆ ಮೆಕ್ಯಾನಿಕ್ ತಂತಿ ಎಲ್ಲಿಂದ ತೆಗೆದ, ಸಾಧನ ಎಲ್ಲಿಟ್ಟ ಅಂತ ನೋಡಿಕೊಳ್ಳಿ. ಎಲ್ಲರಿಗೂ ಗೊತ್ತಿರುವ ಜಾಗದಲ್ಲಿ ಇಟ್ಟರೆ ಹತ್ತು ನಿಮಿಷದಲ್ಲಿ ಕಿತ್ತೆಸೆಯುತ್ತಾರೆ. ಸಿಮ್ಮಿನ ರೀಚಾರ್ಜ್ ಮುಗಿದ ಟ್ರ್ಯಾಕರ್ ಬರೀ ಡಬ್ಬಿ. ತಿಂಗಳಿಗೊಮ್ಮೆ ಆ್ಯಪ್ ತೆರೆದು ಗಾಡಿ ಸರಿಯಾದ ಜಾಗ ತೋರಿಸುತ್ತಿದೆಯಾ ನೋಡಿ. ದೂರದಿಂದ ಎಂಜಿನ್ ನಿಲ್ಲಿಸುವ ಸೌಲಭ್ಯ ಇರುವ ಟ್ರ್ಯಾಕರ್‌ಗಳೂ ಇವೆ. ಓಡುತ್ತಿರುವ ಗಾಡಿಯನ್ನು ನಡುರಸ್ತೆಯಲ್ಲಿ ನಿಲ್ಲಿಸಿ ಹಿಂದೆ ಬರುವವರಿಗೆ ಅಪಾಯ ತರಬೇಡಿ. ಅದನ್ನು ಪೊಲೀಸರ ಜೊತೆ ಮಾತಾಡಿ ಬಳಸಿ.

ಚಾಸಿ ನಂಬರ್, ಎಂಜಿನ್ ನಂಬರ್, ಗಾಡಿಯ ನಾಲ್ಕು ಕಡೆಯ ಫೋಟೋ, ಎಲ್ಲಿ ಗೀರು ಬಿದ್ದಿದೆ, ಯಾವ ಸ್ಟಿಕರ್ ಇದೆ, ಇದೆಲ್ಲ ಫೋನಿನಲ್ಲಿರಲಿ. ನನ್ನ ಸ್ಕೂಟರ್ ಗುರುತು ಸಿಕ್ಕಿದ್ದು ನಂಬರ್ ಪ್ಲೇಟಿನಿಂದಲ್ಲ, ಅದನ್ನು ಕಿತ್ತಿದ್ದರು. ಮುಂದಿನ ಮಡ್‌ಗಾರ್ಡಿನ ಮೇಲೆ ಮಗಳು ಅಂಟಿಸಿದ್ದ ಚಿಟ್ಟೆಯ ಸ್ಟಿಕರ್‌ನಿಂದ.

ಹೋಗೇಬಿಟ್ಟರೆ

ಓಡಬೇಡಿ. ಎದುರಿಗೆ ನಿಂತು ತಡೆಯಲೂ ಹೋಗಬೇಡಿ. ಗಾಬರಿಯಲ್ಲಿರುವ ಕಳ್ಳ ಬ್ರೇಕ್ ಹಾಕುವುದಿಲ್ಲ. ಕೂಡಲೇ 112ಕ್ಕೆ ಫೋನ್ ಮಾಡಿ. ಗಾಡಿ ನಂಬರ್, ಬಣ್ಣ, ಯಾವ ಕಡೆ ಹೋಯಿತು, ಎಷ್ಟು ಪೆಟ್ರೋಲ್ ಇತ್ತು. ಹೌದು, ಪೆಟ್ರೋಲ್ ಕೂಡ. ಎಷ್ಟು ದೂರ ಹೋಗಬಹುದು ಅಂತ ಅದರಿಂದ ಅಂದಾಜು ಸಿಗುತ್ತದೆ. ಒಳಗೆ ಮಗುವೋ ಹಿರಿಯರೋ ಇದ್ದರೆ ಮೊದಲ ಮಾತು ಅದೇ ಆಗಿರಲಿ.

ಫೋನ್ ಇಟ್ಟ ಮೇಲೆ ಸುತ್ತಲಿನ ಅಂಗಡಿಗಳ ಸಿಸಿಟಿವಿ ಕೇಳಿ. ಎಷ್ಟೋ ಕಡೆ ಕೆಲವು ದಿನಗಳಲ್ಲಿ ಹಳೆಯದು ಅಳಿಸಿ ಹೊಸದು ರೆಕಾರ್ಡ್ ಆಗುತ್ತದೆ, ತಡಮಾಡಬೇಡಿ. ಕಾರಾದರೆ ಫಾಸ್ಟ್ಯಾಗ್ ಅನ್ನು ತಕ್ಷಣ ಬ್ಲಾಕ್ ಮಾಡುವ ಮೊದಲು ಪೊಲೀಸರನ್ನು ಕೇಳಿ. ಟೋಲ್ ದಾಟಿದಾಗ ನಿಮ್ಮ ಫೋನಿಗೆ ಬರುವ ಮೆಸೇಜು ಗಾಡಿ ಎಲ್ಲಿದೆ ಅಂತ ಹೇಳುವ ಸುಳಿವು.

ಎಫ್‌ಐಆರ್ ಅದೇ ದಿನ ಆಗಬೇಕು. ಕಳ್ಳತನ ಈಗ ಭಾರತೀಯ ನ್ಯಾಯ ಸಂಹಿತೆಯ 303ನೇ ಸೆಕ್ಷನ್ ಕೆಳಗೆ ಬರುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ದೂರನ್ನು ಯಾವ ಠಾಣೆಗೆ ಬೇಕಾದರೂ ಕೊಡಬಹುದು, ಆನ್‌ಲೈನ್‌ನಲ್ಲೂ ಕಳಿಸಬಹುದು. ಆನ್‌ಲೈನ್ ಆದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ‘ಇದು ನಮ್ಮ ಲಿಮಿಟ್ ಅಲ್ಲ’ ಅಂದರೆ ಈ ಸೆಕ್ಷನ್ ನೆನಪಿಸಿ, ಸಮಾಧಾನದಿಂದಲೇ.

ಇನ್ನು ವಿಮೆ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ಕಳ್ಳತನಕ್ಕೆ ಒಂದು ರೂಪಾಯಿಯೂ ಬರುವುದಿಲ್ಲ. ಸಮಗ್ರ ಪಾಲಿಸಿ ಇದ್ದರೆ ಐಡಿವಿ, ಅಂದರೆ ಪಾಲಿಸಿಯಲ್ಲಿ ಗಾಡಿಗೆ ಕಟ್ಟಿದ ಬೆಲೆ, ಅದರ ಲೆಕ್ಕದಲ್ಲಿ ಬರುತ್ತದೆ. ಅದು ಗಾಡಿ ವಯಸ್ಸಾದಂತೆ ಇಳಿಯುತ್ತದೆ: ಒಂದರಿಂದ ಎರಡು ವರ್ಷದ ಗಾಡಿಗೆ 20 ಶೇಕಡಾ, ನಾಲ್ಕರಿಂದ ಐದು ವರ್ಷದ್ದಕ್ಕೆ 50 ಶೇಕಡಾ ಸವಕಳಿ. ಜೊತೆಗೆ ಪಾಲಿಸಿಯಲ್ಲಿ ಒಂದು ಷರತ್ತಿರುತ್ತದೆ: ಗಾಡಿಯನ್ನು ಕಾಪಾಡಲು ನೀವು ತಕ್ಕಷ್ಟು ಎಚ್ಚರಿಕೆ ವಹಿಸಿರಬೇಕು. ಕೀ ಗಾಡಿಯಲ್ಲೇ ಇತ್ತು ಅಂದರೆ ಕಂಪನಿ ಇದೇ ಷರತ್ತನ್ನು ಎತ್ತಿ ಹಿಡಿಯುತ್ತದೆ.

ಹಾಗಂತ ಕೈಚೆಲ್ಲಿ ಕೂರಬೇಕಿಲ್ಲ. ವಿಳಾಸ ಕೇಳಲು ಇಳಿದ ಡ್ರೈವರ್ ಕೀಯನ್ನು ಟ್ರಕ್ಕಿನಲ್ಲೇ ಬಿಟ್ಟಿದ್ದ, ಅಷ್ಟರಲ್ಲಿ ಟ್ರಕ್ ಕಳುವಾಗಿತ್ತು. ಆ ಪ್ರಕರಣದಲ್ಲಿ 2023ರಲ್ಲಿ ಸುಪ್ರೀಂ ಕೋರ್ಟ್, ಇದು ಪೂರ್ತಿ ಹಣ ತಿರಸ್ಕರಿಸುವಷ್ಟು ದೊಡ್ಡ ಷರತ್ತು ಉಲ್ಲಂಘನೆ ಅಲ್ಲ ಅಂತ ಹೇಳಿ 75 ಶೇಕಡಾ ಕೊಡಿಸಿತು. ಎಫ್‌ಐಆರ್ ತಕ್ಷಣ ಆಗಿದ್ದರೆ, ಕಂಪನಿಗೆ ತಿಳಿಸಲು ತಡವಾಯಿತು ಎಂಬ ಒಂದೇ ಕಾರಣಕ್ಕೆ ಕ್ಲೇಮ್ ತಳ್ಳಿಹಾಕುವಂತಿಲ್ಲ ಎಂದು 2020ರಲ್ಲೂ ಅದೇ ಕೋರ್ಟ್ ಹೇಳಿದೆ. ಹಾಗಿದ್ದರೂ ಕಂಪನಿಗೆ ಅದೇ ದಿನ ಫೋನ್ ಮಾಡಿ, ಮೇಲ್ ಹಾಕಿ. ಆ ಜಗಳ ಯಾಕೆ ಬೇಕು.

ದೂರಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ‘ಲಾಕ್ ಮಾಡಿದ್ದೆ ಅಂತ ಬರೆಸಿಬಿಡಿ’ ಅಂತ ನನಗೂ ಒಬ್ಬರು ಹೇಳಿದರು. ಕ್ಲೇಮ್ ಮಾಡುವಾಗ ಕಂಪನಿ ಎರಡೂ ಕೀ ಕೇಳುತ್ತದೆ. ಒಂದು ಕಳ್ಳನ ಹತ್ತಿರ ಇದೆ. ಸಿಸಿಟಿವಿಯಲ್ಲಿ ನೀವು ಇಳಿದ ದೃಶ್ಯವೂ ಇರಬಹುದು. 75 ಶೇಕಡಾ ಬರುವ ಕಡೆ ಸುಳ್ಳು ಹೇಳಿ ಸೊನ್ನೆ ಮಾಡಿಕೊಳ್ಳುವುದು ಅಂದರೆ ಇದೇ. ಗಾಡಿ ಪತ್ತೆಯಾಗದಿದ್ದರೆ ಪೊಲೀಸರು ಕೋರ್ಟಿಗೆ ಕೊಡುವ ‘ಸಿ ರಿಪೋರ್ಟ್’ ಕ್ಲೇಮಿಗೆ ಬೇಕು. ಸಾಲ ಇದ್ದರೆ ಬ್ಯಾಂಕಿಗೂ, ಆರ್‌ಟಿಒಗೂ ಬರೆದು ತಿಳಿಸಿ.

ಚಳಿ ದೇಶದಲ್ಲಿರುವವರಿಗೆ ಎರಡು ಮಾತು

ಮಿನಿಯಾಪೊಲಿಸ್, ಡೆನ್ವರ್, ಟೊರಾಂಟೊ ಕಡೆ ಇರುವ ನಮ್ಮವರು ಬೆಳಿಗ್ಗೆ ಹಿಮ ಕರಗಲಿ ಅಂತ ಕಾರು ಸ್ಟಾರ್ಟ್ ಮಾಡಿ ಮನೆಯೊಳಗೆ ಕಾಫಿ ಕುಡಿಯುತ್ತಾರೆ. ಕೊಲರಾಡೊದಲ್ಲಿ ಇದಕ್ಕೆ ‘ಪಫಿಂಗ್’ ಅಂತ ಹೆಸರೇ ಇದೆ. ಹಿಂಬದಿಯಿಂದ ಹೊಗೆ ಪಫ್ ಪಫ್ ಅಂತ ಬರುವುದರಿಂದ ಆ ಹೆಸರು. ಆ ಬಿಳಿ ಹೊಗೆ ನೋಡಿಯೇ ಕಳ್ಳರು ಕಾರು ಆರಿಸುತ್ತಾರೆ. ಬೀದಿಯಲ್ಲಿ ಹಾಗೆ ಬಿಡುವುದು ಅಲ್ಲಿ ಕಾನೂನಿಗೆ ವಿರುದ್ಧ. ರಿಮೋಟ್ ಸ್ಟಾರ್ಟ್‌ಗೆ ಮಾತ್ರ ವಿನಾಯಿತಿ ಇದೆ. ಅದು ಇಲ್ಲದಿದ್ದರೆ ಹಿಂದಿನ ರಾತ್ರಿಯೇ ಮುಂಗಾಜಿಗೆ ಹೊದಿಕೆ ಹಾಕಿ, ಬೆಳಿಗ್ಗೆ ಸೀಟಿನಲ್ಲಿ ಕೂತು ಕಾಯಿರಿ. ಕಾಫಿಯನ್ನು ಫ್ಲಾಸ್ಕಿನಲ್ಲಿ ತನ್ನಿ.

ಗಾಡಿ ಸಿಕ್ಕ ಮೇಲೆ

ನನ್ನದು ಹನ್ನೊಂದನೇ ದಿನ ರಿಂಗ್ ರೋಡಿನ ಪಕ್ಕ ಸಿಕ್ಕಿತು. ಕನ್ನಡಿ ಇಲ್ಲ, ಬ್ಯಾಟರಿ ಇಲ್ಲ. ಆ ಸೋತ ಬ್ಯಾಟರಿಯನ್ನು ಕದ್ದವನನ್ನು ನೆನೆದು ಈಗಲೂ ಸ್ವಲ್ಪ ನಗು ಬರುತ್ತದೆ. ಸಿಕ್ಕಿದ ಗಾಡಿಯನ್ನು ಕೋರ್ಟಿನ ಅನುಮತಿ ಪಡೆದು ಬಿಡಿಸಿಕೊಳ್ಳಬೇಕು. ಅರ್ಜಿಯ ಜೊತೆ ಆರ್‌ಸಿ, ವಿಮೆ, ಗುರುತಿನ ಚೀಟಿ ಕೊಡಿ, ಬಾಂಡ್ ಕೇಳುತ್ತಾರೆ. ಜಪ್ತಿಯಾದ ಗಾಡಿಗಳನ್ನು ಠಾಣೆ ಮುಂದೆ ವರ್ಷಗಟ್ಟಲೆ ತುಕ್ಕು ಹಿಡಿಸಬಾರದು ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ, ಹಾಗಾಗಿ ಬೇಗ ಅರ್ಜಿ ಹಾಕಿ.

ಮನೆಗೆ ತಂದ ದಿನವೇ ಲಾಕ್ ಸೆಟ್ ಪೂರ್ತಿ ಬದಲಿಸಿ. ಇಗ್ನಿಷನ್, ಸೀಟು, ಪೆಟ್ರೋಲ್ ಮುಚ್ಚಳ, ಎಲ್ಲ. ಚಿಪ್ ಇರುವ ಕೀ ಆದರೆ ಸರ್ವಿಸ್ ಸೆಂಟರಿನಲ್ಲಿ ಹಳೇ ಕೀಯ ಗುರುತನ್ನು ಕಾರಿನ ಕಂಪ್ಯೂಟರಿನಿಂದ ಅಳಿಸಲು ಹೇಳಿ. ಗಾಡಿ ವಾಪಸ್ ಬಂದಿದೆ. ಆದರೆ ನೀವು ಅದರಲ್ಲೇ ಬಿಟ್ಟು ಹೋಗಿದ್ದ ಕೀ ಇನ್ನೂ ಯಾರದ್ದೋ ಜೇಬಿನಲ್ಲಿದೆ.